ಕ್ಯಾಮೆರಾ ಎತ್ತಿದ ಕೂಡಲೇ ಮೈ ಬಿಗಿಯುವುದೇಕೆ?

ಪ್ರಶ್ನೆ: ಏಪ್ರಿಲ್‌ನಲ್ಲಿ ನನ್ನ ಮದುವೆ. ನಮ್ಮ ಕೊಡವ ಪದ್ಧತಿಯ ದಂಪತಿ ಮುಹೂರ್ತಕ್ಕೆ ಮುಕ್ಕಾಲಿಯ (ಮೂರು ಕಾಲಿನ ಸ್ಟೂಲ್) ಮೇಲೆ ಬಹಳ ಹೊತ್ತು ಕೂರಬೇಕು, ಫೋಟೋದವರು ಎದುರಿಗೇ ಇರುತ್ತಾರೆ. ಅಕ್ಕನ ಮದುವೆಯ ಫೋಟೋಗಳಲ್ಲೆಲ್ಲ ನಾನು ಹಲ್ಲು ಕಚ್ಚಿಕೊಂಡು ನಿಂತಂತಿದೆ. ಏನು ಮಾಡಲಿ?
(ಓದುಗರು, ವಿರಾಜಪೇಟೆ)

ಉತ್ತರ: ನೀವು ಹಲ್ಲು ಕಚ್ಚಿಯೇ ನಿಂತಿರುತ್ತೀರಿ, ನಿಮಗೆ ಅದು ಗೊತ್ತಾಗಿರುವುದಿಲ್ಲ. ಕ್ಯಾಮೆರಾ ಕಂಡೊಡನೆ ಹೆಚ್ಚಿನವರು ಉಸಿರು ಹಿಡಿಯುತ್ತಾರೆ. ಉಸಿರು ನಿಂತರೆ ಭುಜ ಕಿವಿಯತ್ತ ಏರುತ್ತದೆ, ಕತ್ತಿನ ನರ ಎದ್ದು ಕಾಣುತ್ತದೆ, ದವಡೆ ಬಿಗಿಯುತ್ತದೆ. ಹಾಗಾಗಿ ಮುಖಕ್ಕಿಂತ ಮೊದಲು ಉಸಿರನ್ನು ನೋಡಿಕೊಳ್ಳಿ. ಮೂಗಿನಿಂದ ಮೂರು ಎಣಿಸುವಷ್ಟು ಹೊತ್ತು ಎಳೆದು, ಬಾಯಿಂದ ಆರು ಎಣಿಸುವಷ್ಟು ನಿಧಾನವಾಗಿ ಬಿಡಿ. ಬಿಡುವಾಗಲೇ ಭುಜ ತಾನಾಗಿ ಇಳಿಯುತ್ತದೆ. ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದೆ ಹಗುರವಾಗಿ ತಾಗಿಸಿಟ್ಟು, ಮೇಲಿನ ಹಲ್ಲು ಕೆಳಗಿನದಕ್ಕೆ ತಾಗದಂತೆ ಒಂದಿಷ್ಟು ಅಂತರ ಬಿಡಿ. ತುಟಿ ಮುಚ್ಚಿದ್ದರೂ ದವಡೆ ಸಡಿಲವಾಗುತ್ತದೆ.

ಇನ್ನು ಮುಹೂರ್ತದ ಮಾತು. ಒಬ್ಬೊಬ್ಬರಾಗಿ ಬಂದು ಮೊಣಕಾಲು, ಭುಜ, ತಲೆಗೆ ಅಕ್ಕಿ ಹಾಕಿ, ಕಿಂಡಿಯಿಂದ (ಮೂತಿಯಿರುವ ಪುಟ್ಟ ಪಾತ್ರೆ) ಹಾಲು ಕುಡಿಸಿ, ಕಾಣಿಕೆ ಕೊಟ್ಟು ಹೋಗುತ್ತಾರೆ. ಅಷ್ಟೂ ಹೊತ್ತು ಒಂದೇ ನಗುವನ್ನು ಹಿಡಿದಿಟ್ಟುಕೊಳ್ಳಲು ಹೊರಟರೆ ಹತ್ತನೆಯವರು ಬರುವಷ್ಟರಲ್ಲಿ ಕೆನ್ನೆ ನಡುಗುತ್ತದೆ. ತುಟಿಯ ಅಂಚನ್ನು ಬೇಕೆಂದಾಗ ಎಳೆಯಬಹುದು, ಕಣ್ಣಿನ ಸುತ್ತಲಿನ ಸ್ನಾಯು ಅಷ್ಟು ಸುಲಭವಾಗಿ ಮಾತು ಕೇಳುವುದಿಲ್ಲ ಎಂದು ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲೇ ಬರೆದಿಟ್ಟಿದ್ದಾರೆ. ತುಟಿ ನಕ್ಕು ಕಣ್ಣು ನಗದ ಮುಖವೇ ಫೋಟೋದಲ್ಲಿ ಕೃತಕವಾಗಿ ಕಾಣುವುದು. ಅದಕ್ಕೆ ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಮುಖವನ್ನು ಪೂರ್ತಿ ಸಡಿಲ ಬಿಡಿ. ಹಾಲು ಕುಡಿಸುವವರು ಬಾಗಿದಾಗ ಅವರ ಕಣ್ಣನ್ನೇ ನೋಡಿ, ಕ್ಯಾಮೆರಾ ಕಡೆ ತಿರುಗಲೇಬೇಡಿ. ಚಿಕ್ಕಮ್ಮನೋ ಸೋದರಮಾವನೋ ಎದುರಿಗೆ ಬಂದಾಗ ಕಣ್ಣು ತಾನಾಗಿ ನಗುತ್ತದೆ. ನನ್ನ ದೃಷ್ಟಿಯಲ್ಲಿ ಆ ದಿನದ ಅತ್ಯುತ್ತಮ ಚಿತ್ರಗಳು ಇವೇ. ಫೋಟೋದವರಿಗೂ ಮೊದಲೇ ಹೇಳಿಡಿ: "ಮುಹೂರ್ತದಲ್ಲಿ ನಮ್ಮನ್ನು ಕರೆಯಬೇಡಿ, ಪಕ್ಕದಿಂದ ತೆಗೆಯಿರಿ."

ಮುಕ್ಕಾಲಿಗೆ ಒರಗು ಇಲ್ಲ. ಸುಸ್ತಾದಾಗ ಬೆನ್ನು ಗೂನಾಗುತ್ತದೆ, ಆಗ ಹೊಟ್ಟೆ ಮಡಿಚಿ ಕುತ್ತಿಗೆ ಗಿಡ್ಡವಾಗಿ ಕಾಣುತ್ತದೆ. ಸೊಂಟದಿಂದಲೇ ಒಂದೆರಡು ಇಂಚು ಮುಂದಕ್ಕೆ ಬಾಗಿ ಕೂತರೆ ಬೆನ್ನು ನೇರ ನಿಲ್ಲುತ್ತದೆ. ನಮ್ಮ ಕೊಡವ ಸೀರೆಯ ನೆರಿಗೆ ಹಿಂದಕ್ಕಿರುವುದರಿಂದ ಕೂರುವಾಗ ಅದನ್ನು ಎರಡೂ ಬದಿಗೆ ಹರಡಿಕೊಳ್ಳಿ, ಇಲ್ಲದಿದ್ದರೆ ಅದರ ಮೇಲೆ ಕೂತು ಮೈ ಒಂದು ಕಡೆಗೆ ವಾಲುತ್ತದೆ. ತಲೆಯ ಮೇಲೆ ವಸ್ತ್ರ ಇದ್ದಾಗ ಗಲ್ಲವನ್ನು ಕೆಳಕ್ಕೆ ಇಳಿಸಿದರೆ ಕಣ್ಣಿಗೆ ನೆರಳು ಬೀಳುತ್ತದೆ. ಎತ್ತಿದರೆ ಮೂಗಿನ ಹೊಳ್ಳೆ ಕಾಣುತ್ತದೆ. ಎರಡೂ ಬೇಡ, ಆಮೆ ಕತ್ತು ಚಾಚಿದಂತೆ ಹಣೆಯನ್ನು ಅರ್ಧ ಇಂಚು ಮುಂದಕ್ಕೆ ತನ್ನಿ. ಕನ್ನಡಿಯಲ್ಲಿ ವಿಚಿತ್ರ ಅನ್ನಿಸಿದರೂ ಚಿತ್ರದಲ್ಲಿ ದವಡೆಯ ಗೆರೆ ಚೆನ್ನಾಗಿ ಬರುತ್ತದೆ.

ಮದುವೆಗೆ ಎರಡು ವಾರ ಮೊದಲು ಸೀರೆ ಉಟ್ಟು, ಪತ್ತಾಕು, ಜೋಮಾಲೆ ಒಡವೆಗಳನ್ನು ಹಾಕಿಕೊಂಡು, ಮನೆಯಲ್ಲೇ ಇಪ್ಪತ್ತು ನಿಮಿಷ ಸ್ಟೂಲ್ ಮೇಲೆ ಕೂತು ತಂಗಿಯ ಕೈಲಿ ಫೋನ್ ಕೊಡಿ. ಎಲ್ಲಿ ಬಿಗಿಯುತ್ತದೆ ಎಂದು ಅಂದೇ ತಿಳಿಯುತ್ತದೆ.

ಪ್ರಶ್ನೆ: ನಮ್ಮ ತೋಟದ ಕಾಫಿಪುಡಿ ಮಾರಲು ಎರಡು ನಿಮಿಷದ ವಿಡಿಯೋ ಮಾಡಬೇಕು. ಬರೆದು ಬಾಯಿಪಾಠ ಮಾಡಿದರೂ ಅರ್ಧಕ್ಕೇ ತಡವರಿಸುತ್ತೇನೆ. ಮುಖವೂ ಪೇಲವ ಹಸಿರಾಗಿ ಬರುತ್ತದೆ.
(ಕಾಫಿ ಬೆಳೆಗಾರರು, ಸೋಮವಾರಪೇಟೆ)

ಉತ್ತರ: ಹಸಿರಿಗೆ ಕಾರಣ ತೋಟ. ನೆರಳುಮರಗಳ ಎಲೆಯಿಂದ ಸೋಸಿ ಬರುವ ಬೆಳಕು ಚರ್ಮಕ್ಕೆ ಅದೇ ಬಣ್ಣ ಹೊಡೆಯುತ್ತದೆ, ಜೊತೆಗೆ ಮುಖದ ಮೇಲೆ ಬಿಸಿಲಿನ ಚುಕ್ಕೆಗಳು. ಮರಗಳಡಿಯಿಂದ ಹೊರಬಂದು, ತೋಟವನ್ನು ಬೆನ್ನಿಗಿಟ್ಟುಕೊಂಡು, ತೆರೆದ ಆಕಾಶದತ್ತ ಮುಖ ಮಾಡಿ ನಿಲ್ಲಿ. ಕಾಂಕ್ರೀಟು ಕಣದ ಮೇಲೆ ಮಧ್ಯಾಹ್ನ ಬೇಡ. ನೆಲದಿಂದ ಬರುವ ಝಳಕ್ಕೆ ಕಣ್ಣು ಕಿರಿದಾಗುತ್ತದೆ. ಬೆಳಿಗ್ಗೆ ಎಂಟು ಒಂಬತ್ತರ ಹೊತ್ತು ಒಳ್ಳೆಯದು. ಮಳೆಗಾಲವಾದರೆ ಬಾಗಿಲಿನಿಂದ ಮೂರಡಿ ಒಳಗೆ, ಹೊರಗೆ ಮುಖ ಮಾಡಿ ನಿಂತರೆ ಸಾಕು. ಹೆಂಚಿನ ಮೇಲಿನ ಮಳೆ ಸದ್ದಿಗೆ ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ಬೇಕು, ಗಲ್ಲದಿಂದ ಒಂದು ಗೇಣು ಕೆಳಗೆ.

ಬಾಯಿಪಾಠವೇ ನಿಮ್ಮ ತೊಡಕು. ಒಂದು ಪದ ಮರೆತರೆ ಮುಂದಿನದ್ದೆಲ್ಲ ಕಳಚಿಕೊಳ್ಳುತ್ತದೆ. ಮೂರು ಪದ ಬರೆದುಕೊಳ್ಳಿ: "ಕುಯಿಲು", "ಒಣಗಿಸುವುದು", "ಹುರಿಯುವುದು". ಒಂದೊಂದಕ್ಕೂ ಇಪ್ಪತ್ತು ಮೂವತ್ತು ಸೆಕೆಂಡ್ ಮಾತಾಡಿ ನಿಲ್ಲಿಸಿ, ಆಮೇಲೆ ಜೋಡಿಸಿಕೊಳ್ಳಿ. ಪ್ರತಿ ತುಂಡಿನ ಮೊದಲಿಗೂ ಕೊನೆಗೂ ಎರಡು ಸೆಕೆಂಡ್ ಸುಮ್ಮನಿದ್ದರೆ ಕತ್ತರಿಸುವುದು ಸುಲಭ. ಕೈಗೆ ಕೆಲಸ ಕೊಡಿ. ಒಂದು ಹಿಡಿ ಒಣಗಿದ ಚೆರ್ರಿ (ಕಾಫಿ ಹಣ್ಣು) ಹಿಡಿದು, ಸಿಪ್ಪೆ ಸುಲಿದು ಬೀಜ ತೋರಿಸುತ್ತಾ ಮಾತಾಡಿ. ವರ್ಷಗಟ್ಟಲೆ ಮಾಡಿದ ಕೆಲಸವಾದ್ದರಿಂದ ಕೈ ಸಹಜವಾಗಿ ಆಡುತ್ತದೆ, ಮಾತು ಅದರ ಹಿಂದೆಯೇ ಬರುತ್ತದೆ.

ಫೋನು ಕಣ್ಣಿನ ಮಟ್ಟಕ್ಕಿರಲಿ, ಐದಾರು ಅಡಿ ದೂರ. ಹಿಂದಿನ ಕ್ಯಾಮೆರಾ ಬಳಸಿ. ಮುಂದಿನದ್ದರಲ್ಲಿ ನಿಮ್ಮ ಮುಖವೇ ಕಾಣುವುದರಿಂದ ಕಣ್ಣು ಅಲ್ಲಿಗೇ ಜಾರುತ್ತದೆ. ಲೆನ್ಸಿನ ಹಿಂದೆ ಪರಿಚಯದವರೊಬ್ಬರನ್ನು ನಿಲ್ಲಿಸಿ, ಅವರಿಗೇ ಹೇಳುತ್ತಿದ್ದೀರಿ ಅಂದುಕೊಳ್ಳಿ. ದಯವಿಟ್ಟು ಗ್ರಾಂಥಿಕ ಕನ್ನಡಕ್ಕೆ ಹೋಗಬೇಡಿ. ಸಂತೆಯಲ್ಲಿ ಗಿರಾಕಿಗೆ ಹೇಳುವಂತೆಯೇ ಹೇಳಿ. ನಿಮ್ಮ ಧ್ವನಿ ನಿಮಗೇ ತೆಳ್ಳಗೆ ಕೇಳಿಸಿದರೆ ಗಾಬರಿ ಬೇಡ: ಮಾತಾಡುವಾಗ ತಲೆಯ ಮೂಳೆಗಳ ಮೂಲಕವೂ ಧ್ವನಿ ಕಿವಿ ತಲುಪುತ್ತದೆ, ರೆಕಾರ್ಡಿನಲ್ಲಿ ಆ ಪಾಲು ಇರುವುದಿಲ್ಲ.

ಪ್ರಶ್ನೆ: ಕನ್ನಡಿಯಲ್ಲಿ ಚೆನ್ನಾಗಿದ್ದೇನೆ, ಫೋಟೋದಲ್ಲಿ ಬೇರೆ ಯಾರೋ. ಯಾವುದು ನಿಜ?
(ಕಾಲೇಜು ವಿದ್ಯಾರ್ಥಿನಿ, ಗೋಣಿಕೊಪ್ಪ)

ಉತ್ತರ: ಕನ್ನಡಿಯಲ್ಲಿ ನೀವು ಕಾಣುವುದು ಎಡಬಲ ಅದಲುಬದಲಾದ ಮುಖ. ಅಮೆರಿಕದ ಸಂಶೋಧಕರು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿನಿಯರು ತಮ್ಮ ಕನ್ನಡಿ ಮುಖವನ್ನೂ, ಅವರ ಗೆಳತಿಯರು ನೇರ ಚಿತ್ರವನ್ನೂ ಹೆಚ್ಚು ಮೆಚ್ಚಿದರು. ಅವರವರಿಗೆ ರೂಢಿಯಾದ ಮುಖವೇ ಅವರವರಿಗೆ ಚೆಂದ. ನಿಮ್ಮ ಗೆಳತಿಯರಿಗೆ ಫೋಟೋದ ಮುಖವೇ ಪರಿಚಿತ. ಸೆಲ್ಫಿಯಲ್ಲಿ ಮೂಗು ದಪ್ಪಗಿದ್ದರೆ ಅದು ದೂರದ ತಪ್ಪು: ಕೈಯಳತೆಯಲ್ಲಿ ಮೂಗು ಕಿವಿಗಿಂತ ಲೆನ್ಸಿಗೆ ಬಹಳ ಹತ್ತಿರ. ಬೇರೆಯವರಿಂದ ಐದಡಿ ದೂರದಿಂದ, ಎರಡು ಪಟ್ಟು ಜೂಮ್‌ನಲ್ಲಿ ತೆಗೆಸಿ ನೋಡಿ.

ಪ್ರಶ್ನೆ: ಸುಗ್ಗಿಹಬ್ಬ ಪುತ್ತರಿಗೆ ಎಲ್ಲರೂ ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆ) ಸೇರುತ್ತೇವೆ. ಅಜ್ಜಿಗೆ "ನಗಿ" ಎಂದರೆ ಮುಖ ಗಂಟಿಕ್ಕುತ್ತಾರೆ. ಗುಂಪಿನಲ್ಲಿ ಯಾರಾದರೊಬ್ಬರ ಕಣ್ಣೂ ಮುಚ್ಚಿರುತ್ತದೆ.
(ಓದುಗರು, ಮಡಿಕೇರಿ)

ಉತ್ತರ: ಕಣ್ಣಿನ ವಿಷಯ ಸುಲಭ. ಎಲ್ಲರೂ ಕಣ್ಣು ಮುಚ್ಚಿರಲಿ, "ಮೂರು" ಎಂದಾಗ ತೆರೆಯಲಿ, ಆ ಗಳಿಗೆಯಲ್ಲೇ ಒತ್ತಿ. ಹತ್ತು ಮಂದಿಗಿಂತ ಹೆಚ್ಚಿದ್ದರೆ ಸಾಲಾಗಿ ಏಳೆಂಟು ಚಿತ್ರ ತೆಗೆಯಿರಿ.

ಅಜ್ಜಿಗೆ "ನಗಿ" ಅನ್ನುವುದನ್ನು ಬಿಟ್ಟುಬಿಡಿ, ಅದು ಅಪ್ಪಣೆಯಂತೆ ಕೇಳಿಸುತ್ತದೆ. ಅವರನ್ನು ಎಬ್ಬಿಸಿ ಕುರ್ಚಿಗೆ ತರಬೇಡಿ, ದಿನವೂ ಕೂರುವ ಜಾಗದಲ್ಲೇ ಇರಲಿ. ಹಳೆಯ ಫೋಟೋ ಒಂದನ್ನು ಕೈಗೆ ಕೊಟ್ಟು, ಅದರಲ್ಲಿ ಯಾರು ಯಾರು ಎಂದು ಮೊಮ್ಮಕ್ಕಳು ಕೇಳಲಿ. ಒಂದೆರಡು ಚಿತ್ರ ತೆಗೆದು "ಆಯ್ತು" ಎಂದು ಕ್ಯಾಮೆರಾವನ್ನು ಎದೆಯ ಮಟ್ಟಕ್ಕೆ ಇಳಿಸಿ, ಆದರೆ ಆಫ್ ಮಾಡಬೇಡಿ. ಅಜ್ಜಿ ಉಸಿರು ಬಿಟ್ಟು ಮಗ್ಗುಲಿನವರ ಕಡೆ ತಿರುಗುವ ಆ ಕ್ಷಣಕ್ಕೇ ಕಾದಿರಿ.