ಬೆಳ್ಳಕ್ಕಿಯ ಮೈಮೇಲೆ ಬೂದು ತೇಪೆ: ಮಿಶ್ರತಳಿಯೇ?

ಪ್ರಶ್ನೆ: ಅಘನಾಶಿನಿ ಅಳಿವೆಯಲ್ಲಿ ಬೆಳ್ಳಕ್ಕಿಗಳ ನಡುವೆ ಬೆನ್ನು, ರೆಕ್ಕೆಯ ಮೇಲೆ ಬೂದು ತೇಪೆಗಳಿರುವ ಒಂದು ಹಕ್ಕಿ ಕಂಡಿತು. ಇದು ಕಿರುಬೆಳ್ಳಕ್ಕಿ ಮತ್ತು ರೀಫ್ ಹೆರಾನ್ (ಕರಾವಳಿಯ ಒಂದು ಬಕ) ಇವೆರಡರ ಮಿಶ್ರತಳಿ ಇರಬಹುದೇ?

ಉತ್ತರ: ಇರಬಹುದು, ಆದರೆ ತೇಪೆಯನ್ನಷ್ಟೇ ನೋಡಿ ಹಾಗೆಂದು ಬರೆದುಕೊಳ್ಳಬೇಡಿ. ನಮ್ಮ ಕರಾವಳಿಯ ವೆಸ್ಟರ್ನ್ ರೀಫ್ ಹೆರಾನ್‌ನಲ್ಲೇ ಕಡುಬೂದು, ಅಚ್ಚಬಿಳಿ ಎಂಬ ಎರಡು ರೂಪಗಳಿವೆ. ಇವು ತಮ್ಮತಮ್ಮಲ್ಲಿ ಜೋಡಿಯಾಗುತ್ತವೆ. ಬಿಳಿ-ಬೂದು ಕಲಸಿದಂತಿರುವ ಶುದ್ಧ ರೀಫ್ ಹೆರಾನ್‌ಗಳೂ ಇವೆ. ಬಿಳಿ ರೂಪದ ಎಳೆಯ ಹಕ್ಕಿಗಳಲ್ಲೂ ಬೂದು ಗರಿಗಳು ಚದುರಿರುತ್ತವೆ. ಕಡುಬೂದು ಹಕ್ಕಿಯ ಗಂಟಲು ಬಿಳಿ, ಹಾರುವಾಗ ರೆಕ್ಕೆಯಲ್ಲೊಂದು ಬಿಳಿ ಮಚ್ಚೆ, ಅದೂ ಸಹಜವೇ.

ಹಾಗಾಗಿ ಬಣ್ಣ ಬಿಟ್ಟು ಕೊಕ್ಕಿಗೆ ಬನ್ನಿ. ಹಕ್ಕಿ ಪೂರ್ತಿ ಪಕ್ಕಕ್ಕೆ ತಿರುಗಿದಾಗ ತೆಗೆದ ಚಿತ್ರದಲ್ಲಿ ಕೊಕ್ಕಿನ ಬುಡದಿಂದ ತುದಿಗೆ ಒಂದು ನೇರ ಗೆರೆ ಎಳೆದು ನೋಡಿ. ಕಿರುಬೆಳ್ಳಕ್ಕಿಯದು ಸಪೂರ, ಕಪ್ಪು, ಹೆಚ್ಚುಕಡಿಮೆ ನೇರ. ರೀಫ್ ಹೆರಾನ್‌ನದು ಬುಡದಲ್ಲಿ ದಪ್ಪ, ಉದ್ದ, ಕಂದು-ಹಳದಿ, ತುದಿಯತ್ತ ತುಸು ಕೆಳಬಾಗಿರುತ್ತದೆ. ಪಕ್ಕದಲ್ಲೇ ಒಂದು ಕಿರುಬೆಳ್ಳಕ್ಕಿ ನಿಂತಿರುವ ಚಿತ್ರ ಸಿಕ್ಕರೆ ಹೋಲಿಕೆ ಸುಲಭ. ಮುಂದಿನದು ಕಾಲು: ಕಿರುಬೆಳ್ಳಕ್ಕಿಗೆ ಕಪ್ಪು ಕಾಲು, ಹಳದಿ ಪಾದ, ನಡುವೆ ಸ್ಪಷ್ಟ ಗಡಿ. ರೀಫ್ ಹೆರಾನ್‌ನಲ್ಲಿ ಹಳದಿ-ಹಸಿರು ಪಾದದಿಂದ ಮೇಲಕ್ಕೆ ಹರಡಿ ಗಡಿಯೇ ಮಸುಕಾಗುತ್ತದೆ.

ಎಡವುವುದೂ ಇಲ್ಲೇ. ಅಳಿವೆಯ ಒದ್ದೆ ಕೆಸರು ಮೆತ್ತಿದರೆ ಯಾವ ಕಾಲೂ ಕಪ್ಪೇ, ಪಾದವಂತೂ ಕಾಣುವುದಿಲ್ಲ. ಹಕ್ಕಿ ತಿಳಿನೀರಿಗೆ ಇಳಿದು ಹಾರುವವರೆಗೆ ಕಾಯಿರಿ. ಎಳೆಯ ಕಿರುಬೆಳ್ಳಕ್ಕಿಯ ಕೊಕ್ಕಿನ ಬುಡ ಪೇಲವವಾಗಿ, ಕಾಲು ಹಸಿರಾಗಿ ತೋರುವುದುಂಟು. ಗೂಡು ಕಟ್ಟುವ ಕಾಲದಲ್ಲಿ ಕಣ್ಣಿನ ಮುಂದಿನ ಬೋಳು ಚರ್ಮ, ಪಾದ ಕೆಲ ಕಾಲ ಕೆಂಪೇರುತ್ತವೆ, ಆಗಿನ ಬಣ್ಣ ತೀರ್ಮಾನಕ್ಕೆ ಬಾರದು. ನವೆಂಬರ್‌ನಿಂದ ಫೆಬ್ರುವರಿ ವಾಸಿ.

ಮಿಶ್ರತಳಿಯೆಂಬ ಅನುಮಾನಕ್ಕೆ ಬಲ ಬರುವುದು ಗರಿಯೂ ಅಂಗರಚನೆಯೂ ಒಂದಕ್ಕೊಂದು ಹೊಂದದಿದ್ದಾಗ: ಬೂದು ಮೈ, ಆದರೆ ಸಪೂರ ಕಪ್ಪು ಕೊಕ್ಕು, ಗಡಿ ಕೊರೆದಂಥ ಹಳದಿ ಪಾದ. ಅಲ್ಲೂ ಒಂದು ತೊಡಕು, ಕಿರುಬೆಳ್ಳಕ್ಕಿಯಲ್ಲೇ ಬಲು ಅಪರೂಪಕ್ಕೆ ಕಪ್ಪು ಛಾಯೆಯ ಹಕ್ಕಿ ಹುಟ್ಟುತ್ತದೆ. ಸ್ಪೇನ್, ಫ್ರಾನ್ಸ್‌ಗಳಲ್ಲಿ ಈ ಎರಡು ಜಾತಿಗಳ ಮಿಶ್ರ ಜೋಡಿಗಳು ದಾಖಲಾಗಿವೆ, ಆದ್ದರಿಂದ ಸಾಧ್ಯತೆ ಕಲ್ಪನೆಯಲ್ಲ. ಆದರೆ ಮಿಶ್ರಸಂತತಿ ಮತ್ತೆ ಒಂದು ಮೂಲ ಜಾತಿಯೊಡನೆ ಕೂಡಿದರೆ ಹುಟ್ಟುವ ಮರಿಯನ್ನು ಡಿಎನ್‌ಎ ಪರೀಕ್ಷೆಯಿಲ್ಲದೆ ಬರೀ ಕಣ್ಣಿನಿಂದ ಹೇಳಲು ಹೊರಡುವುದು ದುಡುಕು.

ಪ್ರಶ್ನೆ: ಫೋಟೊದಲ್ಲಿ ಬಿಳಿ ಗರಿ ಸುಟ್ಟಂತಾಗಿ ವಿವರವೇ ಉಳಿಯುವುದಿಲ್ಲ. ಏನು ಮಾಡಬೇಕು? ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ನಲ್ಲಿ ಯಾವ ಹೆಸರಲ್ಲಿ ಹಾಕಬೇಕು?

ಉತ್ತರ: ಚಿತ್ರದ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಕ್ಯಾಮೆರಾದ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು ಮೈನಸ್ 0.7ರಿಂದ ಮೈನಸ್ 1ಕ್ಕೆ ಇಳಿಸಿ, ರಾ (ಕ್ಯಾಮೆರಾ ಸಂಸ್ಕರಿಸದ ಮೂಲ) ಕಡತದಲ್ಲಿ ತೆಗೆಯಿರಿ. ಇಲ್ಲದಿದ್ದರೆ ತೆಳು ಬೂದು ಛಾಯೆ ಬಿಳಿಯಲ್ಲಿ ಕರಗಿಹೋಗುತ್ತದೆ. ಬೆಳಕು ನಿಮ್ಮ ಬೆನ್ನ ಹಿಂದಿರಲಿ, ಎದುರು ಬೆಳಕಿನಲ್ಲಿ ಎಲ್ಲ ಕೊಕ್ಕೂ ಕಪ್ಪೇ. ಪಕ್ಕನೋಟ, ಕಾಲು, ಹಾರಾಟ, ಮೂರೂ ಬೇಕು. ಇ-ಬರ್ಡ್‌ನಲ್ಲಿ ಇವೆರಡರ ಮಿಶ್ರತಳಿಗೆ ಒಂದು ನಮೂದಿದೆ, ‘ಎರಡರಲ್ಲಿ ಒಂದು’ ಎನ್ನುವ ಓರೆಗೆರೆಯ ನಮೂದು ಬೇರೆ. ಕೊಕ್ಕು, ಕಾಲು ಸ್ಪಷ್ಟವಾಗಿ ಕಾಣದಿದ್ದರೆ ಎರಡನೆಯದನ್ನೇ ಆರಿಸಿ, ಟಿಪ್ಪಣಿಯಲ್ಲಿ ಕಂಡದ್ದನ್ನು ಬರೆಯಿರಿ.