ಟೆಂಟ್ ಎಲ್ಲಿ ಹೋಯ್ತು, ಟಾಕೀಸ್ ಯಾಕೆ ಮುಚ್ಚಿತು? ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೇ ಟಾಕೀಸುಗಳ ಬಗ್ಗೆ ಏನಾದರೂ ಕೇಳೋದಿದ್ದರೆ ಬರೆಯಿರಿ ಅಂದಿದ್ದೆವು. ಹಾಸನ, ಚಿಕ್ಕಮಗಳೂರು ಕಡೆಯಿಂದಲೇ ಜಾಸ್ತಿ ಪತ್ರ ಬಂದಿವೆ. ಎಲ್ಲದಕ್ಕೂ ಜಾಗ ಸಾಲದು, ಆರಿಸಿದ ಕೆಲವು ಇಲ್ಲಿವೆ.

ಪ್ರಶ್ನೆ: "ಮಳೆಗಾಲ ಬಂದ್ರೆ ಟೆಂಟ್ ಕಿತ್ಕೊಂಡು ಹೋಗೋರು" ಅಂತ ನಮ್ಮ ತಾತ ಹೇಳ್ತಾರೆ. ಥಿಯೇಟರನ್ನೇ ಕಿತ್ಕೊಂಡು ಹೋಗೋದಾ? ನನಗೆ ನಂಬಿಕೆ ಬರಲ್ಲ.
ಡಿಗ್ರಿ ವಿದ್ಯಾರ್ಥಿನಿ, ಚನ್ನರಾಯಪಟ್ಟಣ

ಉತ್ತರ: ತಾತ ಹೇಳಿದ್ದು ಸರಿಯಾಗೇ ಇದೆ ಕಣಮ್ಮ. ಅದಕ್ಕೇ ಟೂರಿಂಗ್ ಟಾಕೀಸ್ ಅನ್ನೋ ಹೆಸರು. ಕರ್ನಾಟಕದಲ್ಲಿ ಸಿನಿಮಾ ಮಂದಿರಗಳಿಗೆ 1964ರ ಕಾಯ್ದೆ ಇದೆ, ಅದರ ಪ್ರಕಾರ ಲೈಸೆನ್ಸ್ ಕೊಡೋದು ಜಿಲ್ಲಾ ಮ್ಯಾಜಿಸ್ಟ್ರೇಟರು, ಅಂದರೆ ಡಿಸಿ. ಕಟ್ಟಡ ಕಟ್ಟಿದವರಿಗೆ ಖಾಯಂ ಚಿತ್ರಮಂದಿರದ ಲೈಸೆನ್ಸ್, ಟೆಂಟಿನವರಿಗೆ ಇಷ್ಟು ಕಾಲಕ್ಕೆ ಅಂತ ಟೂರಿಂಗ್ ಲೈಸೆನ್ಸ್. ಅವಧಿ ಮುಗಿದರೆ ಕಂಬ, ಬಟ್ಟೆ, ಬೆಂಚು, ಸಿನಿಮಾ ತೋರಿಸೋ ಮಿಷನ್ನು ಎಲ್ಲ ಲಾರಿಗೆ ಹೇರಿಕೊಂಡು ಮುಂದಿನ ಊರು. ನಿಮ್ಮ ಚನ್ನರಾಯಪಟ್ಟಣದಂಥ ಬಯಲುಸೀಮೆಯಲ್ಲಿ ಮಳೆ ಒಂದಿಷ್ಟು ತಡೆದುಕೊಳ್ಳಬಹುದಿತ್ತು, ಸಕಲೇಶಪುರ ದಾಟಿದರೆ ಜೂನ್‌ನಲ್ಲಿ ಬಟ್ಟೆ ಟೆಂಟು ನಿಲ್ಲೋ ಮಾತೇ ಇಲ್ಲ.

ಒಳಗೆ ಮೂರು ಕ್ಲಾಸು: ನೆಲ, ಬೆಂಚು, ಕುರ್ಚಿ. ನೆಲ ಅಂದರೆ ನಿಜವಾಗಲೂ ನೆಲವೇ, ಮರಳು ಹಾಸಿರೋರು. ಮುಂದಿನವರ ತಲೆ ಅಡ್ಡ ಬಂದರೆ ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರೋದು. ಸಂಜೆ ಘಂಟಸಾಲ ಹಾಡಿದ 'ನಮೋ ವೆಂಕಟೇಶ' ಮೈಕಿನಲ್ಲಿ ಕೇಳಿಸಿತು ಅಂದರೆ ಟಿಕೆಟ್ ಕೊಡೋಕೆ ಶುರು ಮಾಡಿದ್ದಾರೆ ಅಂತ ಲೆಕ್ಕ. ಸುತ್ತಲ ಹಳ್ಳಿಯವರು ಆಗ ಬೇಗ ಬೇಗ ಹೆಜ್ಜೆ ಹಾಕೋರು.

ಮಿಷನ್ನು ಸಾಮಾನ್ಯವಾಗಿ ಒಂದೇ. ಸಾವಿರ ಅಡಿ ರೀಲು ಓಡೋದು ಸುಮಾರು 11 ನಿಮಿಷ, ಎರಡು ಸಾವಿರ ಅಡಿಯದ್ದು 22 ನಿಮಿಷ. ಎರಡು ಮಿಷನ್ ಇದ್ದ ಟಾಕೀಸಿನಲ್ಲಿ ಒಂದು ಮುಗಿಯೋ ಹೊತ್ತಿಗೆ ಇನ್ನೊಂದು ಶುರು ಮಾಡೋರು, ನೋಡುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ಟೆಂಟಿನಲ್ಲಿ ಆ ಅನುಕೂಲ ಇಲ್ಲ, ರೀಲು ಬದಲಿಸೋವಾಗ ಆಟ ನಿಲ್ಲಲೇಬೇಕು, ಕಡಲೆಕಾಯಿ ಮಾರುವವನಿಗೆ ಹಬ್ಬ. ಬೆಳಕು ಬರ್ತಿದ್ದದ್ದು ಬಲ್ಬಿನಿಂದ ಅಲ್ಲ, ಎರಡು ಕಾರ್ಬನ್ ಕಡ್ಡಿಗಳ ನಡುವೆ ಉರಿಯೋ ಕಿಡಿಯಿಂದ. ಕಡ್ಡಿ ಉರಿದು ಗಿಡ್ಡ ಆಗುತ್ತಾ ಹೋಗುತ್ತೆ, ಆಪರೇಟರ್ ಪಕ್ಕದಲ್ಲೇ ನಿಂತು ಅವನ್ನು ಹತ್ತಿರ ತರ್ತಾ ಇರಬೇಕು. ಅವನು ಬೀಡಿ ಸೇದೋಕೆ ಹೊರಗೆ ಹೋದ ಅಂದರೆ ಪರದೆ ಮೇಲೆ ನಾಯಕಿಯ ಮುಖ ಹಳದಿಗೆ ತಿರುಗೋದು, ಆಮೇಲೆ ಮಂಕು, ಆಮೇಲೆ ನೆಲದಿಂದ ಶಿಳ್ಳೆ. ಇದನ್ನೂ ತಾತನ ಹತ್ತಿರ ಕೇಳಿ ನೋಡಿ.

ಪ್ರಶ್ನೆ: ಹಾಸನದಲ್ಲಿ ಸಹ್ಯಾದ್ರಿ, ಪೃಥ್ವಿ, ಎಸ್‌ಬಿಜಿ ಅಂತ ಹೆಸರು ಹೇಳಿದರೆ ಸಾಕು, ಆಟೋದವರಿಗೆ ಬೇರೆ ವಿಳಾಸ ಬೇಡ. ಆದರೆ ಎಲ್ಲಾ ಊರಲ್ಲೂ ಒಂದೊಂದೇ ಥಿಯೇಟರ್ ಮುಚ್ಚುತ್ತಿದೆ. ಮೊಬೈಲು, ಓಟಿಟಿ ಕಾರಣ ಅಂತ ನನ್ನ ಮಗ ವಾದ ಮಾಡ್ತಾನೆ. ಹೌದಾ?
ನಿವೃತ್ತ ಬ್ಯಾಂಕ್ ನೌಕರ, ಹಾಸನ

ಉತ್ತರ: ನಿಮ್ಮ ಮಗ ಹೇಳೋದು ಕಥೆಯ ಕೊನೇ ರೀಲು ಮಾತ್ರ ಸಾರ್. ಮೊದಲಿಂದ ನೋಡೋಣ.

ಪ್ರಿಂಟು, ಅಂದರೆ ಚಿತ್ರದ ರೀಲುಗಳ ಒಂದು ಪ್ರತಿ, ದುಬಾರಿ ವಸ್ತು. ಒಂದು ಚಿತ್ರಕ್ಕೆ ಇಷ್ಟೇ ಪ್ರಿಂಟು ಅಂತ ಇರೋದು, ಅವೇ ಊರಿಂದ ಊರಿಗೆ ತಿರುಗಬೇಕು. ಮೊದಲು ಬೆಂಗಳೂರು, ಮೈಸೂರು. ಅಲ್ಲಿ ಓಡಿ ಸಾಕಾದ ಮೇಲೆ ಹಾಸನ, ಚಿಕ್ಕಮಗಳೂರು. ಆಮೇಲೆ ಅರಸೀಕೆರೆ, ಕಡೂರು, ಬೇಲೂರು. ಎಲ್ಲರೂ ನೋಡಿ ಬಿಟ್ಟ, ಗೀರು ಬಿದ್ದು ಮಳೆ ಸುರಿಯೋ ಪ್ರಿಂಟು ಕೊನೆಗೆ ಟೆಂಟಿಗೆ. ಈ ಸರದಿಯಲ್ಲಿ ಎಲ್ಲರಿಗೂ ಒಂದು ಪಾಲು ಇತ್ತು. ಸಿನಿಮಾ ಹಳೇದಾದರೂ ಆ ಊರಿಗೆ ಅದು ಹೊಸದೇ, ನೋಡೋಕೆ ಬೇರೆ ದಾರಿ ಇರಲಿಲ್ಲವಲ್ಲ.

ಈ ಸರದಿಯ ಬಾಲ ಮೊದಲು ಕತ್ತರಿಸಿದ್ದು ಟಿವಿ. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣದ ಟಿವಿ ಬಂತು, 1987ರ ಜನವರಿಯಿಂದ ಭಾನುವಾರ ಬೆಳಗ್ಗೆ ರಾಮಾಯಣ. ಊರಲ್ಲಿ ಒಂದೇ ಟಿವಿ ಇದ್ದರೂ ಆ ಮನೆ ಮುಂದೆ ಟೆಂಟಿಗಿಂತ ಜಾಸ್ತಿ ಚಪ್ಪಲಿ. ವಿಸಿಆರ್ ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ಹಾಕೋದು ಬೇರೆ. 1994ರಲ್ಲಿ ಉದಯ ಟಿವಿ ಬಂದ ಮೇಲಂತೂ ಹಳೇ ಕನ್ನಡ ಚಿತ್ರ ಮನೆಯಲ್ಲೇ ದಿನಾ ಸಿಕ್ಕಿತು. ಹಳೇ ಚಿತ್ರವನ್ನೇ ನಂಬಿದ್ದವರು ಟೆಂಟಿನವರು, ಹಾಗಾಗಿ ಮೊದಲು ಹೋದದ್ದೂ ಅವರೇ. ಆಗ ಪೇಟೆ ಟಾಕೀಸಿಗೆ ಏನೂ ಆಗಿರಲಿಲ್ಲ.

ಪೇಟೆ ಟಾಕೀಸಿನ ಸರದಿ ಆಮೇಲೆ ಬಂತು, ಅದೂ ಒಳ್ಳೇದರ ವೇಷದಲ್ಲಿ. 2005ರ ನಂತರ ಒಂದೊಂದಾಗಿ ಉಪಗ್ರಹದ ಮೂಲಕ ಡಿಜಿಟಲ್ ಪ್ರದರ್ಶನ ಬಂತು, 2014ರ ಹೊತ್ತಿಗೆ ರೀಲು ಹೆಚ್ಚುಕಮ್ಮಿ ಮಾಯ. ಈಗ ಬೆಂಗಳೂರಿನಲ್ಲಿ ಬಿಡುಗಡೆಯಾದ ಶುಕ್ರವಾರವೇ ಹೊಳೆನರಸೀಪುರದಲ್ಲೂ ಬಿಡುಗಡೆ. ನಮಗೆಲ್ಲ ಖುಷಿ. ಆದರೆ ನೂರಾರು ಪರದೆಯಲ್ಲಿ ಒಂದೇ ದಿನ ಹಾಕಿದರೆ ನೋಡುವವರು ಮೂರೇ ದಿನದಲ್ಲಿ ಮುಗಿದು ಹೋಗ್ತಾರೆ. ಮೊದಲು 25 ವಾರ ಓಡಿ ಬೋರ್ಡಿಗೆ ಹೂವಿನ ಹಾರ ಹಾಕಿಸಿಕೊಳ್ಳುತ್ತಿದ್ದ ಜಾಗದಲ್ಲಿ ಈಗ ಸೋಮವಾರ ಬೆಳಗಿನ ಆಟಕ್ಕೆ ಫ್ಯಾನು ಹಾಕೋಕೂ ಜನ ಇಲ್ಲ. ಕರೆಂಟು, ಸಂಬಳ, ತೆರಿಗೆ ಮಾತ್ರ ವಾರದ ಏಳೂ ದಿನ.

ತೆರಿಗೆ ಅಂದಾಗ ನೆನಪಾಯ್ತು. ಕನ್ನಡ ಚಿತ್ರಗಳಿಗೆ ರಾಜ್ಯದ ಮನರಂಜನಾ ತೆರಿಗೆಯಿಂದ ವಿನಾಯಿತಿ ಇತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಟಿಕೆಟ್ ಮೇಲೆ ಎಲ್ಲ ಭಾಷೆಗೂ ತೆರಿಗೆ ಬಿತ್ತು. ಆಮೇಲೆ 2020ರ ಮಾರ್ಚ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಕೊರೊನಾ ಬಾಗಿಲು ಹಾಕಿಸಿತು, ಮರುವರ್ಷ ಇನ್ನೊಮ್ಮೆ. ಓಟಿಟಿ ಬೆಳೆದದ್ದು ಆ ಸಂದಿನಲ್ಲೇ.

ಕೊನೇ ಏಟು ಜಾಗದ್ದು, ನನ್ನ ಪ್ರಕಾರ ಇದೇ ದೊಡ್ಡದು. ಟಾಕೀಸು ಕಟ್ಟಿದಾಗ ಅದು ಊರಿನ ಅಂಚು, ಈಗ ಊರಿನ ನಡುಮಧ್ಯ. ಹಾಸನದ ಬಿ.ಎಂ. ರಸ್ತೆ, ಚಿಕ್ಕಮಗಳೂರಿನ ಐ.ಜಿ. ರಸ್ತೆಯಂಥ ಕಡೆ ನಿವೇಶನ ಇಟ್ಟುಕೊಂಡು ಸೋಮವಾರದ ಖಾಲಿ ಆಟ ನಡೆಸಿ ಅಂತ ನಾವು ಹೇಳಬಹುದು, ನಮ್ಮ ದುಡ್ಡಾ ಅದು? ಇನ್ನೊಂದು ವಿಷಯ ಜನ ಗಮನಿಸೋದಿಲ್ಲ. ಟಾಕೀಸಿನ ಕಟ್ಟಡ ಬೇರೆ ಯಾವುದಕ್ಕೂ ಸುಲಭವಾಗಿ ಬರೋದಿಲ್ಲ. ಕಿಟಕಿ ಇಲ್ಲ, ನೆಲ ಇಳಿಜಾರು, ನಡುವೆ ಬಾಲ್ಕನಿ. ಛತ್ರ ಮಾಡೋಣ ಅಂದರೆ ಊಟದ ಟೇಬಲ್ ನೆಟ್ಟಗೆ ನಿಲ್ಲೋದಿಲ್ಲ. ಹಾಗಾಗಿ ಮುಚ್ಚಿದ ಟಾಕೀಸು ಒಂದಷ್ಟು ವರ್ಷ ಗೋದಾಮಾಗಿ ಇರುತ್ತೆ, ಆಮೇಲೆ ಜೆಸಿಬಿ ಬರುತ್ತೆ. ಬೆಂಗಳೂರಿನ ಕಪಾಲಿಯಷ್ಟು ದೊಡ್ಡ ಚಿತ್ರಮಂದಿರಕ್ಕೇ ಆ ಗತಿ ಬಂತು, ಇನ್ನು ಜಿಲ್ಲಾ ಕೇಂದ್ರದ್ದು ಯಾವ ಲೆಕ್ಕ.

ಪ್ರಶ್ನೆ: ಮೂಡಿಗೆರೆ ಹತ್ತಿರ ಹೋಂಸ್ಟೇ ಇದೆ. ತೋಟದ ಪಕ್ಕ ಒಂದೆರಡು ಎಕರೆ ಖಾಲಿ ಜಾಗ. ವಿದೇಶದಲ್ಲಿ ಕಾರಲ್ಲೇ ಕೂತು ಸಿನಿಮಾ ನೋಡೋ ಡ್ರೈವ್-ಇನ್ ಇದೆಯಲ್ಲ, ಅಂಥದ್ದು ಮಾಡಿದರೆ ಹೇಗೆ?
ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ಆಸೆ ಚೆನ್ನಾಗಿದೆ. ದುಡ್ಡು ಹಾಕೋ ಮೊದಲು ಇದರ ಜಾತಕ ಕೇಳಿ.

ಇದನ್ನು ಶುರು ಮಾಡಿದವರು ಅಮೆರಿಕದ ರಿಚರ್ಡ್ ಹಾಲಿಂಗ್ಸ್‌ಹೆಡ್. ಮನೆ ಅಂಗಳದಲ್ಲಿ ಕಾರಿನ ಬಾನೆಟ್ ಮೇಲೆ ಪ್ರೊಜೆಕ್ಟರ್ ಇಟ್ಟು, ಮರಗಳಿಗೆ ಬೆಳ್ಳನೆ ಬಟ್ಟೆ ಕಟ್ಟಿ, ಅದರ ಹಿಂದೆ ರೇಡಿಯೋ ಇಟ್ಟು ಪ್ರಯೋಗ ಮಾಡಿದರು. ಮುಂದಿನ ಕಾರು ಅಡ್ಡ ಬರದಿರಲಿ ಅಂತ ಚಕ್ರದ ಕೆಳಗೆ ಮರದ ತುಂಡು ಕೊಟ್ಟು ನೋಡಿದರು. ಮಳೆ ಬಂದರೆ ಕಾಣುತ್ತಾ ಅಂತ ಪರೀಕ್ಷಿಸೋಕೆ ಹುಲ್ಲಿಗೆ ನೀರು ಹಾಯಿಸೋ ಸ್ಪ್ರಿಂಕ್ಲರ್ ತಿರುಗಿಸಿದರಂತೆ! ಪಾಪ, ಅವರು ಮೂಡಿಗೆರೆಯ ಜುಲೈ ನೋಡಿರಲಿಲ್ಲ. 1933ರ ಜೂನ್ 6ರಂದು ನ್ಯೂಜೆರ್ಸಿಯ ಕ್ಯಾಮ್ಡನ್ ಬಳಿ ಮೊದಲ ಡ್ರೈವ್-ಇನ್ ತೆರೆಯಿತು. ಕಾರಿಗೆ 25 ಸೆಂಟು, ತಲೆಗೆ 25 ಸೆಂಟು.

1950ರ ದಶಕದ ಕೊನೆಗೆ ಅಮೆರಿಕದಲ್ಲಿ ಸುಮಾರು 4,000 ಡ್ರೈವ್-ಇನ್ ಇದ್ದವು. ಈಗ ಉಳಿದಿರೋದು ಸುಮಾರು 300. ಕಾರಣ ಕೇಳಿದರೆ ಹಾಸನದ ಸಾರ್‌ಗೆ ಮೇಲೆ ಹೇಳಿದ್ದೇ ಮತ್ತೆ ಹೇಳಬೇಕು. ಎಷ್ಟೋ ಡ್ರೈವ್-ಇನ್‌ಗಳಿಗೆ ಸಿಗ್ತಿದ್ದದ್ದು ಬೇರೆ ಕಡೆ ಓಡಿ ಮುಗಿದ ಚಿತ್ರ. ಊರಾಚೆ ಇದ್ದ ಜಾಗಕ್ಕೆ ಊರೇ ಬಂದು ಸೇರಿತು. ಮನೆಗೆ ವಿಡಿಯೋ ಬಂತು. ಜೊತೆಗೆ ಒಂದು ವಿಚಿತ್ರ: ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡೋ ಪದ್ಧತಿಯನ್ನು 1966ರ ಕಾನೂನು ದೇಶದ ಬಹುಭಾಗಕ್ಕೆ ತಂದಿತು, ಕತ್ತಲಾಗೋದೇ ತಡ ಆಗಿ ಆಟ ಶುರುವಾಗೋಕೆ ಒಂಬತ್ತು ದಾಟಿತು. ಮಕ್ಕಳಿದ್ದ ಮನೆಯವರು ಬರೋದು ಬಿಟ್ಟರು.

ನಮ್ಮ ದೇಶದಲ್ಲಿ ಅಹಮದಾಬಾದಿನಲ್ಲಿ 1973ರಲ್ಲಿ ದೊಡ್ಡ ಡ್ರೈವ್-ಇನ್ ತೆರೆದರು, ಆ ರಸ್ತೆಗೆ ಈಗಲೂ ಡ್ರೈವ್-ಇನ್ ರೋಡ್ ಅಂತಲೇ ಹೆಸರು. ಮುಂಬೈನಲ್ಲಿ 2021ರಲ್ಲಿ ಮಾಲ್ ಒಂದರ ತಾರಸಿ ಮೇಲೆ ಹೊಸದು ಬಂತು. ಎರಡೂ ಕಾರು ತುಂಬಿದ ನಗರಗಳು ಅನ್ನೋದು ಮರೀಬೇಡಿ.

ಈಗ ನಿಮ್ಮ ಜಾಗ. ಜೂನ್‌ನಿಂದ ಸೆಪ್ಟೆಂಬರ್ ಲೆಕ್ಕಕ್ಕೇ ಇಲ್ಲ. ಉಳಿದ ತಿಂಗಳಲ್ಲೂ ಡಿಸೆಂಬರ್, ಜನವರಿ ರಾತ್ರಿ ಮಂಜು ಇಳಿದರೆ ಪ್ರೊಜೆಕ್ಟರ್ ಬೆಳಕು ಪರದೆ ತಲುಪೋ ಮೊದಲೇ ಗಾಳಿಯಲ್ಲಿ ಚದುರುತ್ತೆ, ಗಾಜಿನ ಮೇಲೆ ಇಬ್ಬನಿ ಬೇರೆ. ವೈಪರ್ ಹಾಕಿಕೊಂಡು ಸಿನಿಮಾ ನೋಡ್ತೀರಾ? ಕಾರಿನ ರೇಡಿಯೋಗೆ ಧ್ವನಿ ಕೊಡಬೇಕಾದರೆ ಎಫ್‌ಎಂ ಪ್ರಸಾರಕ್ಕೂ ಪರವಾನಗಿ ಬೇಕು. ತೋಟದ ಜಮೀನಾದರೆ ಭೂಪರಿವರ್ತನೆ ಪ್ರಶ್ನೆ, ಟಿಕೆಟ್ ಇಟ್ಟರೆ ಡಿಸಿ ಕಚೇರಿ ಲೈಸೆನ್ಸು. ಮುಖ್ಯವಾಗಿ, ಮನೆಗೆ ಅಂತ ತಗೊಂಡ ಓಟಿಟಿ ಚಂದಾದಲ್ಲಿ ಅತಿಥಿಗಳಿಗೆ ಸಾರ್ವಜನಿಕವಾಗಿ ಸಿನಿಮಾ ತೋರಿಸೋ ಹಾಗಿಲ್ಲ, ಹಕ್ಕಿರುವವರ ಒಪ್ಪಿಗೆ ಬೇಕು. ಒಪ್ಪಿಗೆ ತಗೊಂಡು, ಕಾಫಿ ಒಣಗಿಸೋ ಕಣದಲ್ಲಿ ಚಾಪೆ ಹಾಸಿ, ಕೊಯ್ಲು ಮುಗಿದ ಮೇಲೆ ಮಾರ್ಚ್‌ನಲ್ಲಿ ಪರದೆ ಕಟ್ಟಿ ನೋಡಿ. ಕಾಫಿ ಹೂವರಳಿಸೋ ಹೂಮಳೆ ಬಂದರೆ ಎದ್ದು ಓಡೋಕೆ ಮನೆ ಪಕ್ಕದಲ್ಲೇ ಇರುತ್ತೆ. ಕಾರು ಯಾಕೆ ಬೇಕು?

ಪ್ರಶ್ನೆ: ನಮ್ಮೂರ ಥಿಯೇಟರಿಗೆ ಬೆಳಗಿನ ಆಟಕ್ಕೆ ಹೋದರೆ "ಇನ್ನೊಂದಷ್ಟು ಜನ ಬರ್ಲಿ, ಆಮೇಲೆ ಟಿಕೆಟ್ ಕೊಡ್ತೀವಿ" ಅಂದರು. ಕಾದು ಕಾದು ವಾಪಸ್ ಬಂದೆ. ಹೀಗೆ ಮಾಡಬಹುದಾ?
ಗೃಹಿಣಿ, ಕಡೂರು

ಉತ್ತರ: ಕೋಪ ಬರೋದು ಸಹಜ. ಆದರೆ ಅವರು ಟಿಕೆಟ್ ಕೊಟ್ಟು ಆಮೇಲೆ ಆಟ ನಿಲ್ಲಿಸಿಲ್ಲ, ಕೊಡುವ ಮೊದಲೇ ಹೇಳಿದ್ದಾರೆ. ಟಿಕೆಟ್ ಕೊಟ್ಟ ಮೇಲೆ ಆಟ ರದ್ದು ಮಾಡಿದರೆ ದುಡ್ಡು ವಾಪಸ್ ಕೇಳಿ, ಬಿಡಬೇಡಿ. ಜನ ಸೇರಲಿ ಅಂತ ಅವರು ಕಾಯೋದು ಖರ್ಚಿಗೆ ಹೆದರಿ: ಪ್ರೊಜೆಕ್ಟರಿನ ಕ್ಸೆನಾನ್ ಲ್ಯಾಂಪಿಗೆ ಇಷ್ಟು ಗಂಟೆ ಅಂತ ಆಯಸ್ಸಿದೆ, ಐದು ಜನಕ್ಕೂ ಐನೂರು ಜನಕ್ಕೂ ಅದು ಒಂದೇ ಥರ ಸವೆಯುತ್ತೆ. ಕರೆಂಟ್ ಹೋದರೆ ಜನರೇಟರ್ ಡೀಸೆಲ್ಲು ಬೇರೆ. ಇನ್ನು ಮೇಲೆ ಹೊರಡೋ ಮೊದಲು ಥಿಯೇಟರಿಗೆ ಒಂದು ಫೋನ್ ಮಾಡಿ, ಇಲ್ಲಾಂದ್ರೆ ಶನಿವಾರ, ಭಾನುವಾರ ಸಂಜೆ ಆಟಕ್ಕೆ ಹೋಗಿ. ಅಕ್ಕಪಕ್ಕದ ಮನೆಯವರನ್ನೂ ಎಬ್ಬಿಸಿಕೊಂಡು ಹೋದರೆ ಕೌಂಟರಿನವನೇ ನಿಮ್ಮನ್ನು ನೋಡಿ ಬಾಗಿಲು ತೆಗೀತಾನೆ.