ಹೊಲಕ್ಕೂ ದೇಶದ ಆಹಾರ ಭದ್ರತೆಗೂ ಏನು ಸಂಬಂಧ? 3 ಎಕರೆ ರೈತ ಏನು ಮಾಡೋಕಾಗುತ್ತೆ?

ಅದೆಲ್ಲ ದಿಲ್ಲಿಯವರ ಕೆಲಸ ಅಲ್ವಾ ಅಂತ ಕೇಳಿದ್ದೀರಿ. 2018ರವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮದು ಶಿಕಾರಿಪುರದ ಕಡೆ. ಆ ವರ್ಷ ಇದ್ದ 4 ಎಕರೆಗೂ ಮೆಕ್ಕೆಜೋಳ ಬಿತ್ತಿದ್ದೆ. ಆರಿದ್ರ ಮಳೆ ಹೊತ್ತಿಗೆ ಪೈರು ಮೊಣಕಾಲುದ್ದ ಬಂದಿತ್ತು. ಎಡೆಕುಂಟೆ ಹೊಡೆಯುವಾಗ ನೋಡಿದರೆ ಎಲೆ ತುಂಬ ತೂತು, ಸುಳಿಯೊಳಗೆ ಮರದ ಹೊಟ್ಟಿನಂಥ ಹಿಕ್ಕೆ. ಬಿಡಿಸಿದೆ. ಕಂದು ಹುಳ. ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರ ತಿರುಗಿಸಿಟ್ಟಂಥ ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕಿ. ಅಂಥದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಆದರೂ ಯಾರಿಗೂ ಹೇಳಲಿಲ್ಲ. ಕಾಂಡ ಕೊರೆಯುವ ಹುಳಕ್ಕೆ ಹೊಡೆಯುವ ಔಷಧಿಯನ್ನೇ ತಂದು ಹಗಲು ಹನ್ನೊಂದಕ್ಕೆ ಎಲೆ ಮೇಲೆ ಹೊಡೆದೆ. ಹುಳ ಸುಳಿಯ ಆಳದಲ್ಲಿ ತನ್ನ ಹಿಕ್ಕೆಯ ಮರೆಯಲ್ಲೇ ಕೂತಿತ್ತು. ಅದು ಗೊತ್ತಿಲ್ಲದೆ ಆದದ್ದು, ಬಿಡಿ. ಪಕ್ಕದ ಹೊಲದ ಅಣ್ಣ ಬದುವಿನ ಮೇಲೆ ನಿಂತು "ಹುಳ ಗಿಳ ಬಿದ್ದಿದೆಯೇನಪ್ಪಾ?" ಅಂತ ಕೇಳಿದರು. "ಏನಿಲ್ಲಣ್ಣ" ಅಂದೆ. ಇದು ಗೊತ್ತಿದ್ದೇ ಆಡಿದ ಮಾತು. ಬೇಸಾಯ ಬರಲ್ಲ ಅಂತ ಆಡಿಕೊಳ್ಳುತ್ತಾರೆ ಅನ್ನುವ ನಾಚಿಕೆ. ಮುಂಗಡ ಕೊಟ್ಟ ವ್ಯಾಪಾರಿಗೆ ಸುದ್ದಿ ಮುಟ್ಟುತ್ತೆ ಅನ್ನುವ ಭಯ. ಹೀಗೆ 15 ದಿನ ಹೋಯಿತು. ಇದರ ಪತಂಗ ಒಂದೊಂದು ಗುಂಪಿಗೆ ನೂರು, ಇನ್ನೂರು ಮೊಟ್ಟೆ ಇಡುತ್ತದೆ. ಎರಡು ಮೂರು ದಿನಕ್ಕೆ ಮರಿ. ಚಿಕ್ಕ ಮರಿ ಔಷಧಿಗೆ ಸಾಯುತ್ತದೆ, ದಪ್ಪಗಾದ ಮೇಲೆ ಸುಲಭಕ್ಕೆ ಜಗ್ಗಲ್ಲ. ನಾನು ಕಳೆದುಕೊಂಡದ್ದು ಆ ಚಿಕ್ಕ ಮರಿಯ ದಿನಗಳನ್ನೇ. 80 ಕ್ವಿಂಟಲ್ ಬರುತ್ತಿದ್ದ ಹೊಲದಲ್ಲಿ 30 ಬಂತು. ಅಣ್ಣನ ಹೊಲವೂ ಹೋಯಿತು. ಅವರು ಇವತ್ತಿಗೂ ನನಗೆ ಒಂದು ಮಾತು ಅಂದಿಲ್ಲ.

ಆಮೇಲೆ ಗೊತ್ತಾಯಿತು, ಅದು ಅಮೆರಿಕ ಖಂಡದ ಫಾಲ್ ಸೈನಿಕ ಹುಳು. 2016ರಲ್ಲಿ ಆಫ್ರಿಕಾದಲ್ಲಿ ಕಂಡಿತ್ತು. ಭಾರತದಲ್ಲಿ ಮೊದಲು ಕಂಡದ್ದು ನಮ್ಮ ಶಿವಮೊಗ್ಗದಲ್ಲೇ, 2018ರ ಮೇ ತಿಂಗಳಲ್ಲಿ, ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳಿಗೆ. ಅಂದರೆ ನಾನು ಬಾಯಿ ಮುಚ್ಚಿಕೊಂಡಿದ್ದ ಹೊತ್ತಿಗೆ ಅದನ್ನು ಗುರುತಿಸಬಲ್ಲವರು ಒಂದು ಬಸ್ಸಿನ ದೂರದಲ್ಲಿದ್ದರು! 2019ರ ಶುರುವಿಗೆ ಹುಳ ಚೀನಾ ಮುಟ್ಟಿತ್ತು. ಪತಂಗ ಒಂದೇ ರಾತ್ರಿಗೆ 100 ಕಿಲೋಮೀಟರ್ ಹಾರಬಲ್ಲದು. ಮೆಕ್ಕೆಜೋಳ ಹೋದರೆ ಕೋಳಿಯ ಮೇವಿಗೆ ಏಟು, ಅಲ್ಲಿಂದ ಮಕ್ಕಳ ತಟ್ಟೆಯ ಮೊಟ್ಟೆಗೆ.

ಗೋದಾಮು ತುಂಬಿಸುವುದು ದಿಲ್ಲಿಯವರ ಕೆಲಸ, ಒಪ್ಪಿದೆ. 1966ರ ಬರದಲ್ಲಿ ಅಮೆರಿಕದ ಗೋಧಿ ಹಡಗಿಗೆ ಕಾದು ಕೂತ ದೇಶ ನಮ್ಮದು. ಅಲ್ಲಿನ ಅಧ್ಯಕ್ಷ ಜಾನ್ಸನ್ ಬೇಕೆಂದೇ ಸ್ವಲ್ಪ ಸ್ವಲ್ಪ ಬಿಡುತ್ತಿದ್ದರು. ನಮ್ಮಪ್ಪ ಆ ಗೋಧಿ ತಿಂದವರು. ಆದರೆ ಹೊಸ ಹುಳ ಬಂದರೆ ಮೊದಲು ಕಾಣುವುದು ನಿಮ್ಮ ಕಣ್ಣಿಗೆ. ಏನು ಮಾಡೋಕಾಗುತ್ತೆ ಅನ್ನಬೇಡಿ.

ಪೈರು ಎಳೆಯದಾಗಿರುವಾಗ ವಾರಕ್ಕೆ ಎರಡು ಸಲ ಸಂಜೆ ಹೋಗಿ ಹತ್ತು ಕಡೆ ಸುಳಿ ಬಿಡಿಸಿ ನೋಡಿ. ಗುರುತಿಲ್ಲದ ಹುಳ ಕಂಡರೆ ಬಾಟಲಿಗೆ ಹಾಕಿಕೊಂಡು ಅವತ್ತೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಆಗದಿದ್ದರೆ ಕಿಸಾನ್ ಕಾಲ್ ಸೆಂಟರ್‌ಗೆ ಫೋನ್ ಮಾಡಿ, 1800-180-1551, ದುಡ್ಡು ಬೀಳಲ್ಲ. ಔಷಧಿ ಅಂಗಡಿಗೆ ಆಮೇಲೆ. ಪಕ್ಕದ ಹೊಲದವರು ಬಂದು ಕೇಳುವವರೆಗೂ ಕಾಯಬೇಡಿ, ನೀವೇ ಹೋಗಿ ಹೇಳಿ.